ಮನೆತನದ ಹೊಟ್ಟೆನೋವು: ಹೇಳಬೇಕೋ, ಮುಚ್ಚಿಡಬೇಕೋ?



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಎಲ್ಲ ಧಮ್ಮ ಬಂಧು ಭಗಿನಿಯರಿಗೆ ಇಂದಿನ ಚಿಂತನೆ. ಇವತ್ತಿನದು ಸ್ವಲ್ಪ ಉದ್ದ ಇದೆ. ಬಿಡುವು ಮಾಡಿಕೊಂಡು ಪೂರ್ತಿ ಓದಿ. ಓದಲು ಬಾರದ ಹಿರಿಯರಿಗೆ ಓದಿ ಹೇಳಿ.

"ಆ ಮನಿತನಕ್ಕ ಹೊಟ್ಟಿ ಬ್ಯಾನಿ ಐತಿ." ಈ ಮಾತು ನಮ್ಮ ಕಡೆ ಯಾರಿಗೂ ಹೊಸದಲ್ಲ. ಅಂಥ ಒಂದು ಮನೆಯನ್ನು ಊಹಿಸಿಕೊಳ್ಳಿ. ಅಜ್ಜ 48ಕ್ಕೆ ತೀರಿಕೊಂಡ. ದೊಡ್ಡಪ್ಪ 41ಕ್ಕೆ ಹೋದ. ಅತ್ತಿ 36ಕ್ಕೆ ಹೋದಳು. ಮೂವರೂ ಉಣ್ಣಲಾಗದೆ, ಉಂಡದ್ದು ನಿಲ್ಲದೆ, ಎಲುಬಿನ ಗೂಡಾಗಿ ಹೋದರು. ಈಗ ಮೊಮ್ಮಗನಿಗೆ 27. ಗೋವಾದಲ್ಲಿ ಗೌಂಡಿ ಕೆಲಸ. ಮೂರು ರೊಟ್ಟಿ ಉಣ್ಣುತ್ತಿದ್ದವನಿಗೆ ಈಗ ಅರ್ಧ ರೊಟ್ಟಿಗೇ ಹೊಟ್ಟೆ ತುಂಬಿದಂತಾಗುತ್ತದೆ. ಪ್ಯಾಂಟು ಸಡಿಲಾಗಿದೆ. ಮೆಡಿಕಲ್ ಅಂಗಡಿಯವರು ಗ್ಯಾಸಿನ ಗುಳಿಗೆ ಕೊಟ್ಟಿದ್ದಾರೆ. ತಿಂಗಳುಗಳಿಂದ ಅದನ್ನೇ ನುಂಗುತ್ತಿದ್ದಾನೆ. ಅತ್ತಿ ಯಾವುದರಿಂದ ಸತ್ತಳು ಅನ್ನುವುದು ಅವನಿಗೆ ಗೊತ್ತಿಲ್ಲ. ಮನೆಯಲ್ಲಿ ಯಾರೂ ಹೇಳಿಲ್ಲ. ಯಾಕೆ ಹೇಳಿಲ್ಲ ಅಂದರೆ ತಂಗಿಯ ಮದುವೆ ಇನ್ನೂ ಆಗಿಲ್ಲ.

ಈ ಮನೆಯ ಬಗ್ಗೆ ಊರಲ್ಲಿ ಮೂರು ಮಾತು ನಡೆಯುತ್ತವೆ. ಒಬ್ಬರು "ಹಣೆಬರಹ" ಅನ್ನುತ್ತಾರೆ. ಇನ್ನೊಬ್ಬರು "ಎಲ್ಲವ್ವನ ಕಾಟ, ಗುಡ್ಡಕ್ಕ ಹೋಗಿ ಬರ್ರಿ" ಅನ್ನುತ್ತಾರೆ. ಮೂರನೆಯವರು "ಹಿಂದಿನ ಜನ್ಮದ ಕರ್ಮ" ಅನ್ನುತ್ತಾರೆ. ನಾವು ಪಂಚಶೀಲ ಸ್ವೀಕರಿಸಿದವರು, 22 ಪ್ರತಿಜ್ಞೆ ಹೇಳಿದವರು. ಈ ಮೂರು ಮಾತುಗಳನ್ನೂ ಬಿಟ್ಟು ಬಂದವರು. ಹಾಗಾದರೆ ನಮ್ಮ ಮಾತು ಏನು? ಮನೆತನದಲ್ಲಿ ಬರುವ ರೋಗವನ್ನು ತಿಳಿದುಕೊಳ್ಳಬೇಕೋ ಬೇಡವೋ? ತಿಳಿದದ್ದನ್ನು ಕಿರಿಯರಿಗೆ ಹೇಳಬೇಕೋ, ಮುಚ್ಚಿಡಬೇಕೋ?

*ಮೊದಲು ಈ ರೋಗ ಏನು ಅನ್ನುವುದು*

ಹೊಟ್ಟೆಯ ಕ್ಯಾನ್ಸರ್ ಬಂದವರೆಲ್ಲರಿಗೂ ಅದು ವಂಶದಿಂದ ಬಂದದ್ದಲ್ಲ. 100 ಜನ ರೋಗಿಗಳಲ್ಲಿ ವಂಶವಾಹಿಯ ದೋಷದಿಂದ ಬಂದವರು 1ರಿಂದ 3 ಜನ ಮಾತ್ರ. ಉಳಿದವರಲ್ಲಿ ಹೆಚ್ಚಿನವರಿಗೆ ಕಾರಣ ಬೇರೆ. ಹೆಲಿಕೋಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾ, ತಂಬಾಕು, ಅತಿ ಉಪ್ಪಿನ ಆಹಾರ, ವಯಸ್ಸು ಇವುಗಳಲ್ಲಿ ಮುಖ್ಯ. ಒಂದೇ ಮನೆಯಲ್ಲಿ ಇಬ್ಬರಿಗೆ ಬಂದರೂ ಅದು ರಕ್ತದಿಂದಲೇ ಬಂತು ಎನ್ನಲಾಗದು. ಒಂದೇ ಮನೆಯವರು ಒಂದೇ ಊಟ ಉಂಡಿರುತ್ತಾರೆ, ಒಂದೇ ನೀರು ಕುಡಿದಿರುತ್ತಾರೆ, ಆ ಬ್ಯಾಕ್ಟೀರಿಯಾವೂ ಒಬ್ಬರಿಂದ ಒಬ್ಬರಿಗೆ ದಾಟಿರುತ್ತದೆ. ಆದ್ದರಿಂದ ಯಾರೂ ಇದನ್ನು ಓದಿ ರಾತ್ರಿ ನಿದ್ದೆಗೆಡಬೇಕಾಗಿಲ್ಲ.

ಆದರೆ ವಂಶದಿಂದ ಬರುವ ಆ ಸ್ವಲ್ಪ ಜನರ ವಿಷಯ ಬೇರೆಯೇ. ಅವರಿಗೆ ಚಿಕ್ಕ ವಯಸ್ಸಿನಲ್ಲೇ ಬರಬಹುದು, 40ರ ಒಳಗೆ, ಕೆಲವರಿಗೆ 30ರ ಒಳಗೂ. ಇದರ ಮುಖ್ಯ ಕಾರಣ ಸಿಡಿಎಚ್1 ಎಂಬ ಜೀನಿನಲ್ಲಿಯ ದೋಷ. ಈ ಜೀನು ಇ-ಕ್ಯಾಡ್ಹೆರಿನ್ ಎಂಬ ಪ್ರೋಟೀನನ್ನು ಮಾಡಿಸುತ್ತದೆ. ಗೋಡೆಯ ಇಟ್ಟಿಗೆಗಳನ್ನು ಸಿಮೆಂಟು ಹಿಡಿದಿಟ್ಟಂತೆ ಹೊಟ್ಟೆಯ ಒಳಪದರದ ಕೋಶಗಳನ್ನು ಈ ಪ್ರೋಟೀನು ಹಿಡಿದಿಡುತ್ತದೆ. ಅದು ಕೈಕೊಟ್ಟಾಗ ಕೋಶಗಳು ಗಡ್ಡೆಯಾಗಿ ಒಂದೇ ಕಡೆ ಕೂಡುವುದಿಲ್ಲ. ಒಂದೊಂದಾಗಿ ಬಿಡಿಬಿಡಿಯಾಗಿ ಹೊಟ್ಟೆಯ ಗೋಡೆಯೊಳಗೆ ಹರಡುತ್ತವೆ.

ಇಲ್ಲಿಯೇ ರೋಗ ಪತ್ತೆ ಮಾಡುವ ಕಷ್ಟ ಇದೆ. ಗಡ್ಡೆ ಇಲ್ಲದ್ದರಿಂದ ಬಾಯಿಯಿಂದ ಪೈಪು ಬಿಟ್ಟು ನೋಡುವ ಎಂಡೋಸ್ಕೋಪಿಯಲ್ಲಿಯೂ ಶುರುವಿನಲ್ಲಿ ಹೊಟ್ಟೆ ಚೆನ್ನಾಗಿಯೇ ಕಾಣಬಹುದು. ರೋಗ ಗೋಡೆಯ ಒಳಗೇ ಇರುತ್ತದೆ. ಅದಕ್ಕೇ ಈ ಜೀನಿನ ದೋಷ ಇದ್ದವರನ್ನು ನೋಡುವಾಗ ತಜ್ಞರು ಹೊಟ್ಟೆಯ ಬೇರೆ ಬೇರೆ ಭಾಗದಿಂದ ಸುಮಾರು 30 ಸಣ್ಣ ತುಣುಕುಗಳನ್ನು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಇನ್ನು ರೋಗಿಗೆ 27 ವರ್ಷ ಅಂದರೆ ಕ್ಯಾನ್ಸರ್ ಎಂಬ ಯೋಚನೆ ಯಾರ ತಲೆಗೂ ಬರುವುದಿಲ್ಲ. ಆಸಿಡಿಟಿ, ಪಿತ್ತ, ಖಾರ ಜಾಸ್ತಿ ಆಯಿತು, ಟೆನ್ಷನ್ ಅನ್ನುತ್ತಾರೆ. ಗ್ಯಾಸಿನ ಗುಳಿಗೆಯಿಂದ ಕೆಲವು ದಿನ ಆರಾಮವೂ ಅನಿಸುತ್ತದೆ. ನಿಜವಾಗಿ ಗೊತ್ತಾಗುವ ಹೊತ್ತಿಗೆ ರೋಗ ಹೊಟ್ಟೆ ದಾಟಿ ಹೋಗಿರುತ್ತದೆ.

ಹೀಗಾಗಿ ಇಂಥ ಹುಡುಗನ ವಿಷಯದಲ್ಲಿ ವೈದ್ಯರಿಗೆ ದಾರಿ ತೋರಿಸುವ ಮೊದಲ ಸಾಧನ ಯಾವ ಯಂತ್ರವೂ ಅಲ್ಲ. "ನಮ್ಮ ಅತ್ತಿ 36ಕ್ಕೆ ಇದೇ ರೋಗದಿಂದ ಹೋದ್ರು, ದೊಡ್ಡಪ್ಪ 41ಕ್ಕೆ ಹೋದ್ರು" ಎಂಬ ಒಂದು ವಾಕ್ಯ. ಆ ವಾಕ್ಯ ಅವನ ಬಾಯಲ್ಲಿ ಇದ್ದರೆ ವೈದ್ಯರ ದೃಷ್ಟಿ ಬದಲಾಗುತ್ತದೆ. ಆ ವಾಕ್ಯವನ್ನು ಅವನಿಂದ ಮುಚ್ಚಿಟ್ಟವರು ಮನೆಯವರು.

*ಒಂದು ಕುಟುಂಬ ಬಾಯಿಬಿಟ್ಟಾಗ*

ಈ ರೋಗದ ಕಾರಣ ಜಗತ್ತಿಗೆ ಗೊತ್ತಾದ ಕಥೆಯನ್ನು ನಾವೆಲ್ಲ ತಿಳಿದಿರಬೇಕು. ಅದು ನ್ಯೂಜಿಲೆಂಡ್ ದೇಶದ್ದು. ಅಲ್ಲಿ ಮಾವೊರಿ ಎಂಬ ಮೂಲನಿವಾಸಿ ಜನ ಇದ್ದಾರೆ. ಬಿಳಿಯರು ಬಂದು ಅವರ ಭೂಮಿಯನ್ನು ಕಿತ್ತುಕೊಂಡರು, ಅವರ ಭಾಷೆಯನ್ನು ಶಾಲೆಗಳಲ್ಲಿ ಅದುಮಿದರು. ಅವರಲ್ಲಿ ಒಂದು ದೊಡ್ಡ ಕುಟುಂಬ. ಆ ಕುಟುಂಬದಲ್ಲಿ 30 ವರ್ಷಗಳಲ್ಲಿ 25 ಜನ ಹೊಟ್ಟೆಯ ಕ್ಯಾನ್ಸರಿನಿಂದ ಸತ್ತರು. ಅವರಲ್ಲಿ ಎಲ್ಲರಿಗಿಂತ ಚಿಕ್ಕವರ ವಯಸ್ಸು 14.

ಅಲ್ಲಿಯೂ ಶಾಪ ಎಂಬ ಮಾತು ಇತ್ತು. ನಮ್ಮಲ್ಲಿ ಗುಡ್ಡದ ಕಡೆ ಕೈ ತೋರಿಸುವಂತೆಯೇ. ಆದರೆ ಆ ಕುಟುಂಬದವರು ಸುಮ್ಮನೆ ಕೂರಲಿಲ್ಲ. ತಾವಾಗಿಯೇ ಒಟಾಗೊ ವಿಶ್ವವಿದ್ಯಾಲಯದ ವಿಜ್ಞಾನಿಗಳ ಹತ್ತಿರ ಹೋದರು. ಯಾರು ಯಾರ ಮಗ, ಯಾರು ಯಾರ ಮಗಳು, ಯಾರು ಯಾವ ವಯಸ್ಸಿಗೆ ಹೋದರು ಎಂದು ತಲೆಮಾರುಗಳ ವಂಶವೃಕ್ಷ ಬರೆಸಿದರು. ರಕ್ತ ಕೊಟ್ಟರು. ಪ್ಯಾರಿ ಗಿಲ್ಫೋರ್ಡ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಸಿಡಿಎಚ್1 ಜೀನಿನ ದೋಷವನ್ನು ಕಂಡುಹಿಡಿದರು. 1998ರ ಮಾರ್ಚಿನಲ್ಲಿ ನೇಚರ್ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಆ ಪ್ರಬಂಧ ಬರೆದವರ ಹೆಸರುಗಳ ಸಾಲಿನಲ್ಲಿ ಆ ಕುಟುಂಬದವರ ಹೆಸರುಗಳೂ ಇವೆ.

ಧಮ್ಮ ಬಂಧುಗಳೇ, ಈ ಕೊನೆಯ ಮಾತನ್ನು ಗಮನಿಸಿ. ಪರೀಕ್ಷೆಗೆ ಒಡ್ಡಿದ ವಸ್ತುವಾಗಿ ಅವರು ಉಳಿಯಲಿಲ್ಲ, ಸಂಶೋಧಕರಾಗಿ ಕುಳಿತರು. ತುಳಿಸಿಕೊಂಡ ಜನ ತಮ್ಮ ಮನೆಯ ದುಃಖವನ್ನು ತಾವೇ ಕೈಗೆತ್ತಿಕೊಂಡು ಅದರ ಕಾರಣ ಹುಡುಕಿದರು. ಇವತ್ತು ಜಗತ್ತಿನ ಯಾವುದೇ ಮೂಲೆಯಲ್ಲಿ, ನಾಳೆ ನಮ್ಮ ರಾಮದುರ್ಗದಲ್ಲಿಯೂ, ಈ ರೋಗಕ್ಕೆ ರಕ್ತಪರೀಕ್ಷೆ ಸಾಧ್ಯ ಆಗಿರುವುದು ಒಂದು ಮನೆಯವರು ಮುಚ್ಚಿಡದೆ ಹೇಳಿದ್ದರಿಂದ. ದುಃಖವಿದೆ, ದುಃಖಕ್ಕೆ ಕಾರಣವಿದೆ ಎಂದು ನಾವು ವಿಹಾರದಲ್ಲಿ ಹೇಳುತ್ತೇವೆ. ಅವರು ಅದನ್ನು ಮಾಡಿ ತೋರಿಸಿದರು.

*ಕರ್ಮವೋ, ಕಾರಣವೋ?*

ಮೌಲಿಯ ಸೀವಕ ಎಂಬ ಪರಿವ್ರಾಜಕ ಒಮ್ಮೆ ಭಗವಾನರನ್ನು ಕೇಳಿದ. ಮನುಷ್ಯ ಅನುಭವಿಸುವ ಸುಖದುಃಖವೆಲ್ಲ ಹಿಂದೆ ಮಾಡಿದ್ದರ ಫಲ ಎಂದು ಕೆಲವರು ಹೇಳುತ್ತಾರಲ್ಲ, ನೀವೇನು ಹೇಳುತ್ತೀರಿ ಎಂದು. ಭಗವಾನರು ಒಪ್ಪಲಿಲ್ಲ. ಪಿತ್ತದಿಂದ ನೋವು ಬರುತ್ತದೆ, ಕಫದಿಂದ ಬರುತ್ತದೆ, ವಾತದಿಂದ ಬರುತ್ತದೆ, ಋತು ಬದಲಾದಾಗ ಬರುತ್ತದೆ, ದೇಹವನ್ನು ಸರಿಯಾಗಿ ನೋಡಿಕೊಳ್ಳದಾಗ ಬರುತ್ತದೆ, ಪೆಟ್ಟಿನಿಂದ ಬರುತ್ತದೆ ಎಂದು ಒಂದೊಂದೇ ಕಾರಣ ಎಣಿಸಿದರು. ಎಲ್ಲವೂ ಹಿಂದಿನ ಕರ್ಮ ಅನ್ನುವವರು ತಾವೇ ಕಂಡದ್ದನ್ನೂ, ಲೋಕ ಕಂಡದ್ದನ್ನೂ ಮೀರಿ ಮಾತಾಡುತ್ತಾರೆ ಎಂದರು. ಇದು ಸಂಯುತ್ತ ನಿಕಾಯದಲ್ಲಿದೆ. ಎರಡೂವರೆ ಸಾವಿರ ವರ್ಷಗಳ ಹಿಂದೆ, ಆ ಕಾಲದ ವೈದ್ಯಶಾಸ್ತ್ರ ಹೇಳುತ್ತಿದ್ದ ಕಾರಣಗಳನ್ನೇ ಮುಂದಿಟ್ಟು ಕೊಟ್ಟ ಉತ್ತರ ಇದು.

ಬಾಬಾಸಾಹೇಬರು "ಬುದ್ಧ ಮತ್ತು ಅವನ ಧಮ್ಮ" ಗ್ರಂಥದ ನಾಲ್ಕನೆಯ ಭಾಗದಲ್ಲಿ ಕರ್ಮದ ಪ್ರಶ್ನೆಯನ್ನು ಎತ್ತಿಕೊಂಡು ಇದೇ ವಂಶವಾಹಿಯ ವಿಷಯಕ್ಕೆ ಬರುತ್ತಾರೆ. ಮಗು ತನ್ನ ಗುಣಲಕ್ಷಣಗಳನ್ನು ತಂದೆತಾಯಿಗಳಿಂದ ಪಡೆಯುತ್ತದೆ ಎನ್ನುತ್ತದೆ ವಿಜ್ಞಾನ. ಮಗು ತನ್ನದೇ ಹಿಂದಿನ ಜನ್ಮದ ಕರ್ಮವನ್ನು ತಾನೇ ಹೊತ್ತು ತರುತ್ತದೆ ಎನ್ನುತ್ತದೆ ಬ್ರಾಹ್ಮಣ್ಯದ ಕರ್ಮ ಸಿದ್ಧಾಂತ. ಈ ಎರಡೂ ಒಟ್ಟಿಗೆ ನಿಲ್ಲಲಾರವು ಎಂದು ಬಾಬಾಸಾಹೇಬರು ತೋರಿಸುತ್ತಾರೆ. ಬಡವರ, ತುಳಿತಕ್ಕೆ ಒಳಗಾದವರ ಸ್ಥಿತಿಗೆ ಸಮಾಜವಾಗಲಿ ಸರಕಾರವಾಗಲಿ ಹೊಣೆ ಹೊರದೆ ಜಾರಿಕೊಳ್ಳಲು ಆ ಸಿದ್ಧಾಂತ ಅನುಕೂಲವಾಯಿತು ಎಂದೂ ಹೇಳುತ್ತಾರೆ. ಆ ಗ್ರಂಥ ಅವರ ಪರಿನಿಬ್ಬಾಣದ ನಂತರ 1957ರಲ್ಲಿ ಹೊರಬಂತು. ಈ ರೋಗದ ಜೀನು ಸಿಗುವುದಕ್ಕೆ 41 ವರ್ಷ ಮೊದಲು.

ಕಾರಣ ತಿಳಿಯದ ಕಾಯಿಲೆಗೆ ನಮ್ಮ ಸವದತ್ತಿ ಸೀಮೆಯಲ್ಲಿ ಯಾರು ಬೆಲೆ ತೆತ್ತರು ಎಂಬುದು ನಮಗೆ ಗೊತ್ತಿದೆ. ಮನೆಯಲ್ಲಿ ಒಬ್ಬರ ಹಿಂದೆ ಒಬ್ಬರು ಹಾಸಿಗೆ ಹಿಡಿದಾಗ ಗುಡ್ಡಕ್ಕೆ ಹರಕೆ ಹೊತ್ತರು. ಆ ಹರಕೆಗೆ ಎಷ್ಟೋ ಮನೆಗಳಲ್ಲಿ ಹೆಣ್ಣುಮಗುವನ್ನು ಬಿಟ್ಟರು. ಅದನ್ನು ತಡೆಯಲು 1982ರಲ್ಲಿ ಕಾಯ್ದೆ ಮಾಡಬೇಕಾಯಿತು. ರೋಗ ದೊಡ್ಡಪ್ಪನ ಹೊಟ್ಟೆಯಲ್ಲಿ, ಮುತ್ತು ಕಟ್ಟಿದ್ದು ಎಂಟು ವರ್ಷದ ಹುಡುಗಿಯ ಕೊರಳಿಗೆ. ಕಾರಣ ಹುಡುಕದ ಸಮಾಜದಲ್ಲಿ ಭಾರ ಯಾವಾಗಲೂ ಎಲ್ಲರಿಗಿಂತ ಚಿಕ್ಕವರ, ಎಲ್ಲರಿಗಿಂತ ದುರ್ಬಲರ ತಲೆಯ ಮೇಲೆ ಬೀಳುತ್ತದೆ.

*"ಮತ್ತ ಹುಟ್ಟಿನ ಮಾತೇ ಬಂತಲ್ಲ?"*

ಇಲ್ಲಿ ನಮ್ಮ ಜನರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುತ್ತದೆ. ಅದು ನ್ಯಾಯವಾದ ಪ್ರಶ್ನೆ. ನೂರಾರು ವರ್ಷ ನಮಗೆ "ನಿಮ್ಮ ಹುಟ್ಟೇ ಕೀಳು, ನಿಮ್ಮ ರಕ್ತವೇ ಮೈಲಿಗೆ" ಎಂದು ಹೇಳಿದರು. ಅದನ್ನು ತಿರಸ್ಕರಿಸಿ 1956ರ ಅಕ್ಟೋಬರ್ 14ರಂದು ಬಾಬಾಸಾಹೇಬರು ನಾಗಪುರದಲ್ಲಿ ಧಮ್ಮ ದೀಕ್ಷೆ ತೆಗೆದುಕೊಂಡರು. ಈಗ ಬಿಳಿ ಕೋಟಿನ ಡಾಕ್ಟರು ಬಂದು "ನಿಮ್ಮ ರಕ್ತದಲ್ಲಿ ದೋಷ ಇದೆ, ಹುಟ್ಟಿನಿಂದ ಬಂದಿದೆ" ಎಂದರೆ? ಹಳೆಯ ಮಾತೇ ಹೊಸ ಅಂಗಿ ತೊಟ್ಟು ಬಂತೇ?

ಎರಡನ್ನೂ ಪಕ್ಕದಲ್ಲಿಟ್ಟು ನೋಡೋಣ.

ಜಾತಿ ಒಂದು ಇಡೀ ಜನಾಂಗದ ಮೇಲೆ ಹಾಕಿದ ಗುರುತು. ಈ ಜೀನಿನ ದೋಷಕ್ಕೆ ಜಾತಿ ಗೊತ್ತಿಲ್ಲ. ನ್ಯೂಜಿಲೆಂಡಿನ ಮಾವೊರಿಗಳಲ್ಲಿ ಮೊದಲು ಸಿಕ್ಕಿತು, ಆಮೇಲೆ ಯುರೋಪಿನ ಬಿಳಿಯರಲ್ಲಿ ಸಿಕ್ಕಿತು, ಏಷ್ಯಾದಲ್ಲಿಯೂ ಸಿಕ್ಕಿತು. ಯಾವ ಮನೆಯಲ್ಲಾದರೂ ಇರಬಹುದು, ಅಗ್ರಹಾರದಲ್ಲಿಯೂ, ನಮ್ಮ ಕೇರಿಯಲ್ಲಿಯೂ.

ಜಾತಿ ತಂದೆಯಿಂದ ಎಲ್ಲ ಮಕ್ಕಳಿಗೂ ತಪ್ಪದೆ ಅಂಟುತ್ತದೆ ಎಂದರು. ಈ ದೋಷ ಹಾಗಲ್ಲ. ತಂದೆಗೋ ತಾಯಿಗೋ ಇದ್ದರೆ ಒಂದೊಂದು ಮಗುವಿಗೂ ಬರುವ ಸಾಧ್ಯತೆ ಅರ್ಧ, ನಾಣ್ಯ ಚಿಮ್ಮಿದ ಹಾಗೆ. ಗಂಡು ಹೆಣ್ಣು ಎಂಬ ಭೇದ ಇಲ್ಲ. ಬರದೆ ಇದ್ದವರಿಂದ ಅವರ ಮಕ್ಕಳಿಗೆ ದಾಟುವುದೇ ಇಲ್ಲ, ಅವರ ಕವಲಿನಲ್ಲಿ ಅದು ಅಲ್ಲಿಗೇ ಮುಗಿಯಿತು. ಮನೆತನದ ದೋಷ ಯಾವುದೆಂದು ಗೊತ್ತಾದ ಮೇಲೆ ಮಾಡಿಸಿದ ಪರೀಕ್ಷೆ ಎಷ್ಟು ಜನರಿಗೆ "ಇದೆ" ಅನ್ನುತ್ತದೆಯೋ ಹೆಚ್ಚುಕಡಿಮೆ ಅಷ್ಟೇ ಜನರಿಗೆ "ಇಲ್ಲ, ನಿಶ್ಚಿಂತೆಯಿಂದ ಇರಿ" ಎಂದೂ ಹೇಳುತ್ತದೆ.

ಜಾತಿ ಬದಲಾಗದ ತೀರ್ಪು ಎಂದರು. ಜೀನು ತೀರ್ಪಲ್ಲ. ಇದ್ದವರೆಲ್ಲರಿಗೂ ರೋಗ ಬರುವುದಿಲ್ಲ. ಹಿಂದೆ 100 ಗಂಡಸರಲ್ಲಿ 70 ಜನರಿಗೆ ಬರುತ್ತದೆ ಎಂದು ಲೆಕ್ಕ ಹಾಕಿದ್ದರು. ಹೆಚ್ಚು ಕುಟುಂಬಗಳನ್ನು ನೋಡಿದ ಮೇಲೆ ಅದು 40ರ ಸುಮಾರಿಗೆ ಇಳಿದಿದೆ. ಹೆಂಗಸರಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ, ಆದರೆ ಅವರಿಗೆ ಸ್ತನದ ಒಂದು ಬಗೆಯ ಕ್ಯಾನ್ಸರಿನ ಅಪಾಯವೂ ಇದೆ, ಆದ್ದರಿಂದ ಸ್ತನದ ತಪಾಸಣೆಯೂ ಬೇಕು. ಎಲ್ಲಕ್ಕಿಂತ ದೊಡ್ಡದು, ತಿಳಿದ ಮೇಲೆ ಮಾಡಲು ಕೆಲಸ ಇದೆ.

ಎಲ್ಲಿ ಹುಟ್ಟಿನ ಮಾತು ಮನುಷ್ಯನ ಬೆಲೆ ಕಟ್ಟುತ್ತದೆಯೋ ಅದು ಜಾತಿ. ಎಲ್ಲಿ ಹುಟ್ಟಿನ ಮಾತು ಮನುಷ್ಯನನ್ನು ಉಳಿಸುವ ದಾರಿ ತೋರಿಸುತ್ತದೆಯೋ ಅದು ವಿದ್ಯೆ. ಮೊದಲನೆಯದನ್ನು ಒದ್ದು ಬಂದ ನಾವು ಅದೇ ಸಿಟ್ಟಿನಲ್ಲಿ ಎರಡನೆಯದನ್ನೂ ಒದೆಯಬಾರದು.

*ಮೂರು ಅಡ್ಡಿಗಳು*

ಮೊದಲನೆಯದು: "ತಿಳಕೊಂಡು ಏನ್ ಮಾಡೋದ್ರಿ, ರೊಕ್ಕ ಎಲ್ಲಿಂದ ತರೋದು?"

ಅಂಗುತ್ತರ ನಿಕಾಯದಲ್ಲಿ ಭಗವಾನರು ಮೂರು ಬಗೆಯ ರೋಗಿಗಳನ್ನು ಹೇಳುತ್ತಾರೆ. ಔಷಧ ಸಿಕ್ಕರೂ ಸಿಗದಿದ್ದರೂ ಬದುಕುವವರು ಕೆಲವರು. ಸಿಕ್ಕರೂ ಬದುಕದವರು ಕೆಲವರು. ಸಿಕ್ಕರೆ ಮಾತ್ರ ಬದುಕುವವರು ಕೆಲವರು. ಈ ಮೂರನೆಯವನ ಸಲುವಾಗಿಯೇ ಔಷಧ, ಪಥ್ಯ, ಶುಶ್ರೂಷೆಯನ್ನು ಹೇಳಲಾಗಿದೆ, ಮತ್ತು ಅವನ ಸಲುವಾಗಿ ಉಳಿದ ಇಬ್ಬರಿಗೂ ಶುಶ್ರೂಷೆ ಮಾಡಬೇಕು ಎನ್ನುತ್ತಾರೆ. ಬೇಗ ಗೊತ್ತಾದ ಹುಡುಗ ಮೂರನೆಯವನು. ತಡವಾಗಿ ಗೊತ್ತಾದರೆ ಅದೇ ಹುಡುಗ ಎರಡನೆಯವನಾಗುತ್ತಾನೆ. ನಡುವೆ ಇರುವುದು ನಮ್ಮ ಮೌನ.

ಮಾಡುವ ಕೆಲಸ ಏನು ಅಂದರೆ: ಈ ದೋಷ ಇದೆ ಎಂದು ಖಚಿತವಾದವರಲ್ಲಿ, ಕುಟುಂಬದಲ್ಲಿ ರೋಗ ಬಂದ ವಯಸ್ಸನ್ನೂ ನೋಡಿ, ಸಾಮಾನ್ಯವಾಗಿ 20ರಿಂದ 30 ವಯಸ್ಸಿನೊಳಗೆ, ಹೊಟ್ಟೆಯ ಚೀಲವನ್ನೇ ತೆಗೆಯುವ ಆಪರೇಷನ್ ಬಗ್ಗೆ ತಜ್ಞರು ಮಾತಾಡುತ್ತಾರೆ. ಅನ್ನನಾಳವನ್ನು ಸಣ್ಣ ಕರುಳಿಗೆ ಜೋಡಿಸುತ್ತಾರೆ. ಹೊಟ್ಟೆಯ ಚೀಲ ಇಲ್ಲದೆಯೂ ಮನುಷ್ಯ ಬದುಕುತ್ತಾನೆ. ಸ್ವಲ್ಪಸ್ವಲ್ಪವಾಗಿ ದಿನಕ್ಕೆ ಆರೇಳು ಸಲ ಉಣ್ಣಬೇಕು, ಬಿ12 ಇಂಜೆಕ್ಷನ್ ಕೊನೆವರೆಗೂ ಬೇಕು, ತೂಕ ಇಳಿಯುತ್ತದೆ. ಹಾಗೆ ಮಾಡಿಸಿಕೊಂಡ ಹೆಣ್ಣುಮಕ್ಕಳು ಆಮೇಲೆ ಮಕ್ಕಳನ್ನು ಹೆತ್ತಿದ್ದಾರೆ. ಆಪರೇಷನ್ ಈಗಲೇ ಬೇಡ ಎಂದವರಿಗೆ ವರ್ಷಕ್ಕೊಮ್ಮೆ ತಜ್ಞರಲ್ಲಿ ಎಂಡೋಸ್ಕೋಪಿ ಮತ್ತು ತುಣುಕಿನ ಪರೀಕ್ಷೆ.

ರೊಕ್ಕದ ಮಾತು ಸುಳ್ಳಲ್ಲ. ರಾಮದುರ್ಗದಿಂದ ಬೆಳಗಾವಿಗೆ ಹೋಗಿ ಬಂದರೆ ಒಂದು ದಿನದ ಕೂಲಿ ಹೋಯಿತು, ಜೊತೆಗೆ ಬಂದವರದೂ ಹೋಯಿತು. ಆದರೆ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಅವಕಾಶ ಇದೆ. ಬೆಳಗಾವಿಯ ಬಿಮ್ಸ್, ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್), ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ, ಬೆಂಗಳೂರಿನ ಕಿದ್ವಾಯಿ ಇವೆ. ವಂಶದಿಂದ ಬರುವ ಕ್ಯಾನ್ಸರಿಗಾಗಿಯೇ ಮುಂಬಯಿಯ ಟಾಟಾ ಮೆಮೋರಿಯಲ್ ಸೆಂಟರಿನಲ್ಲಿ ಬೇರೆ ವಿಭಾಗ ಇದೆ. ಯೋಜನೆಯಲ್ಲಿ ಯಾವ ಖರ್ಚು ಬರುತ್ತದೆ, ಯಾವುದು ಬರುವುದಿಲ್ಲ ಎಂದು ಆಸ್ಪತ್ರೆಯಲ್ಲಿ ಮೊದಲೇ ಕೇಳಿಕೊಳ್ಳಿ. ಮನೆಯವರ ಹಳೆಯ ಕಥೆ ಹೇಳಲು ಮಾತ್ರ ಒಂದು ಪೈಸೆಯೂ ಬೇಕಾಗಿಲ್ಲ.

ಎರಡನೆಯದು: "ಹೇಳಿದ್ರ ಹುಡುಗಿ ಮದವಿ ಆಗೋದಿಲ್ಲ."

ಈ ಭಯವನ್ನು ಹಗುರ ಮಾಡಿ ಮಾತಾಡಬಾರದು. ಬೀಗರ ಮುಂದೆ ಒಂದು ಮಾತು ಬಿದ್ದರೆ ಅದು ನಾಲ್ಕು ತಾಲೂಕು ಸುತ್ತಿ ಬರುತ್ತದೆ ಎಂಬುದು ನಿಜ. ಆದರೆ ಇಲ್ಲಿ ಎರಡು ಬೇರೆ ಬೇರೆ ಕೆಲಸಗಳು ಕಲೆತುಹೋಗಿವೆ. ಊರಿಗೆ ಹೇಳುವುದು ಒಂದು. ಆ ಹುಡುಗಿಗೆ ಹೇಳುವುದು ಇನ್ನೊಂದು. ಊರಿಗೆ ಹೇಳಬೇಕು ಎಂದು ಯಾವ ಧಮ್ಮವೂ ಹೇಳುವುದಿಲ್ಲ. ಆದರೆ ಅವಳ ದೇಹದ ವಿಷಯ ಅವಳಿಗೇ ಗೊತ್ತಿಲ್ಲದಂತೆ ಇಡುವ ಹಕ್ಕು ಅಪ್ಪನಿಗೂ ಇಲ್ಲ, ಅಣ್ಣನಿಗೂ ಇಲ್ಲ. ಮುಂದೆ ಬಾಳಸಂಗಾತಿಗೆ ಹೇಗೆ, ಯಾವಾಗ ಹೇಳಬೇಕು ಎನ್ನುವುದನ್ನು ಅವಳೇ ನಿರ್ಧರಿಸಲಿ. ಮುಚ್ಚಿಟ್ಟು ಮಾಡಿದ ಮದುವೆಯಲ್ಲಿ, 30ನೇ ವಯಸ್ಸಿಗೆ ಕಾಯಿಲೆ ಬಿದ್ದಾಗ "ಮೋಸ ಮಾಡಿ ಕೊಟ್ರು" ಎಂಬ ಮಾತನ್ನು ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ ಕೇಳಬೇಕಾದವಳು ಅವಳೇ. ಇನ್ನು ಗಂಡು ನೋಡಲು ಹೋಗುವವರು ನಾವೂ ಇದ್ದೇವೆ. ನಿಜ ಹೇಳಿದ ಮನೆಯನ್ನು ಬಿಟ್ಟು ಮುಚ್ಚಿಟ್ಟ ಮನೆಗೆ ಹೋಗುವವರು ನಾವೇ ಆದರೆ, ಮುಚ್ಚಿಡುವುದನ್ನು ಕಲಿಸಿದವರೂ ನಾವೇ.

ಮೂರನೆಯದು: "ಹೇಳಿದ್ರ ಅವನ ಧೈರ್ಯ ಹೋಗ್ತದ. ಗೊತ್ತಿಲ್ದ ಇದ್ರ ಆರಾಮ ಇರ್ತಾನ."

ಮೂರರಲ್ಲಿ ಇದೇ ಕಠಿಣವಾದದ್ದು, ಏಕೆಂದರೆ ಇದು ಪ್ರೀತಿಯಿಂದ ಹುಟ್ಟಿದ್ದು. ಇದರಲ್ಲಿ ಒಂದು ಸತ್ಯವೂ ಇದೆ. ಎಲ್ಲರಿಗೂ ಎಲ್ಲವನ್ನೂ ತಿಳಿಯುವ ಮನಸ್ಸು ಇರುವುದಿಲ್ಲ. ರೋಗವೇ ಕಾಣದ 22ರ ಹುಡುಗನಿಗೆ "ಹೊಟ್ಟೆ ತೆಗೆಸು" ಎನ್ನುವುದು ಸಣ್ಣ ಮಾತಲ್ಲ. ಪರೀಕ್ಷೆಯೂ ಯಾವಾಗಲೂ ಸ್ಪಷ್ಟ ಉತ್ತರ ಕೊಡುವುದಿಲ್ಲ. ಕೆಲವು ಸಲ "ಬದಲಾವಣೆ ಇದೆ, ಆದರೆ ಅದರ ಅರ್ಥ ಇನ್ನೂ ಗೊತ್ತಿಲ್ಲ" ಎಂದು ಬರುತ್ತದೆ. ಅದರೊಡನೆ ಬದುಕುವುದು ಸುಲಭ ಅಲ್ಲ.

ಅದಕ್ಕೇ ಇಲ್ಲಿ ಒಂದು ಗೆರೆ ಎಳೆಯಬೇಕು. ಮನೆತನದಲ್ಲಿ ಏನಾಯಿತು ಎಂದು ಹೇಳುವುದು ಹಿರಿಯರ ಕರ್ತವ್ಯ. ಪರೀಕ್ಷೆ ಮಾಡಿಸಿಕೊಳ್ಳುವುದು ಬಿಡುವುದು ವಯಸ್ಸಿಗೆ ಬಂದ ಆ ಮಗನ, ಆ ಮಗಳ ನಿರ್ಧಾರ. ಹಿರಿಯರು ಹೇಳದೆ ಬಿಟ್ಟರೆ ಅವರ ನಿರ್ಧಾರವನ್ನು ಕಸಿದುಕೊಂಡಂತೆ. ಪರೀಕ್ಷೆಗೆ, ಆಪರೇಷನ್‌ಗೆ ಒತ್ತಾಯಿಸಿದರೂ ಅವರ ನಿರ್ಧಾರವನ್ನು ಕಸಿದುಕೊಂಡಂತೆಯೇ. ಸಣ್ಣ ಮಕ್ಕಳಿಗೆ ಅವಸರದಿಂದ ಈ ಪರೀಕ್ಷೆ ಮಾಡಿಸುವುದು ಬೇಡ, ಅವರು ದೊಡ್ಡವರಾಗಿ ತಾವೇ ಆರಿಸಲಿ. ತಿಳಿದೂ "ನನಗ ಈಗ ಪರೀಕ್ಷಾ ಬ್ಯಾಡ" ಎಂದವನು ಸ್ವತಂತ್ರ ಮನುಷ್ಯ. ತಿಳಿಯದೆ ಗ್ಯಾಸಿನ ಗುಳಿಗೆ ನುಂಗುತ್ತಿರುವವನಿಗೆ ಆ ಸ್ವಾತಂತ್ರ್ಯವನ್ನೇ ಕೊಟ್ಟಿಲ್ಲ.

*ಹೇಗೆ ಹೇಳಬೇಕು*

ಸಮ್ಮಾ ವಾಚೆಗೆ ಭಗವಾನರು ಐದು ಅಳತೆ ಕೊಟ್ಟಿದ್ದಾರೆ. ಮಾತು ಸಮಯಕ್ಕೆ ಸರಿಯಾಗಿರಬೇಕು, ಸತ್ಯವಾಗಿರಬೇಕು, ಮೃದುವಾಗಿರಬೇಕು, ಪ್ರಯೋಜನವಾಗುವಂತಿರಬೇಕು, ಮೈತ್ರಿಯ ಮನಸ್ಸಿನಿಂದ ಬಂದಿರಬೇಕು.

ಸಮಯ: ಕಾಯಿಲೆ ಬಿದ್ದ ಮೇಲಲ್ಲ, ಮೊದಲೇ. ಸತ್ಯ: ಗೊತ್ತಿದ್ದಷ್ಟೇ ಹೇಳುವುದು. "ಹೊಟ್ಟೆಯ ಕ್ಯಾನ್ಸರ್ ಅಂತ ಡಾಕ್ಟರು ಬರೆದಿದ್ದರು" ಎನ್ನುವುದು ಬೇರೆ, "ಹೊಟ್ಟಿ ಬ್ಯಾನಿಯಿಂದ ಹೋದ್ರು, ಏನಂತ ಗೊತ್ತಿಲ್ಲ" ಎನ್ನುವುದು ಬೇರೆ. ಮೃದು: ನಾಲ್ಕು ಜನರ ಎದುರಲ್ಲ, ಪಕ್ಕದಲ್ಲಿ ಕೂತು. ಪ್ರಯೋಜನ: ಹೆದರಿಸಿ ಬಿಟ್ಟುಬಿಡುವುದಲ್ಲ, ಎಲ್ಲಿಗೆ ಹೋಗಬೇಕು, ಯಾರನ್ನು ಕೇಳಬೇಕು ಎಂಬುದನ್ನೂ ಹೇಳುವುದು. ಮೈತ್ರಿ: "ನಿನ್ನ ಸಂಗಡ ನಾನೂ ಬರ್ತೀನಿ" ಎನ್ನುವುದು.

ರೋಗಿಯ ಕಡೆಗೂ ಒಂದು ಮಾತಿದೆ. ಶುಶ್ರೂಷೆ ಮಾಡಲು ಕಷ್ಟವಾದ ರೋಗಿಯ ಲಕ್ಷಣಗಳನ್ನು ವಿನಯದಲ್ಲಿ ಎಣಿಸುವಾಗ, ತನ್ನ ರೋಗವನ್ನು ಇದ್ದದ್ದು ಇದ್ದ ಹಾಗೆ ಹೇಳದಿರುವುದು ಅವುಗಳಲ್ಲಿ ಒಂದು. ಆ ಮಾತು ಬಂದ ಸಂದರ್ಭವನ್ನೂ ನೆನೆಯಿರಿ. ಒಬ್ಬ ಭಿಕ್ಖು ಹೊಟ್ಟೆಯ ರೋಗದಿಂದ ತನ್ನ ಹೊಲಸಿನಲ್ಲಿಯೇ ಬಿದ್ದಿದ್ದ. ಉಳಿದ ಭಿಕ್ಖುಗಳು ಹತ್ತಿರ ಹೋಗಿರಲಿಲ್ಲ. ಭಗವಾನರು ಆನಂದನಿಂದ ನೀರು ತರಿಸಿ, ತಾವೇ ನೀರು ಹಾಕಿದರು, ಆನಂದ ತೊಳೆದ. ಒಬ್ಬರು ತಲೆ, ಒಬ್ಬರು ಕಾಲು ಹಿಡಿದು ಎತ್ತಿ ಮಂಚದ ಮೇಲೆ ಮಲಗಿಸಿದರು. ಆಮೇಲೆ ಸಂಘವನ್ನು ಕರೆದು, ನಿಮಗೆ ಇಲ್ಲಿ ತಾಯಿ ಇಲ್ಲ, ತಂದೆ ಇಲ್ಲ, ನೀವೇ ಒಬ್ಬರನ್ನೊಬ್ಬರು ನೋಡಿಕೊಳ್ಳದಿದ್ದರೆ ಯಾರು ನೋಡಬೇಕು ಎಂದು ಕೇಳಿದರು. ನನ್ನ ಸೇವೆ ಮಾಡಬೇಕೆನ್ನುವವರು ರೋಗಿಯ ಸೇವೆ ಮಾಡಲಿ ಎಂದರು.

ನಾವು ಹಳೆಯ ದೇವರುಗಳನ್ನು ಬಿಟ್ಟೆವು. ಆ ದೇವರುಗಳ ಜೊತೆ ಕೆಲವು ಆಸರೆಗಳೂ ಹೋದವು, ಸುಳ್ಳು ಆಸರೆಗಳಾದರೂ ಸರಿ. ಕಾಯಿಲೆ ಬಿದ್ದಾಗ ಗುಡ್ಡಕ್ಕೆ ಹೋಗಬೇಡ ಎಂದು ನಾವು ಹೇಳುತ್ತೇವೆ. ಹಾಗೆ ಹೇಳಿದವರು ಆಸ್ಪತ್ರೆಗೆ ಜೊತೆಯಲ್ಲಿ ಹೋಗುವ ಹೊಣೆಯನ್ನೂ ಹೊರಬೇಕು. ಇಲ್ಲದಿದ್ದರೆ ನಮ್ಮ ಮಾತು ಬರೀ ಭಾಷಣ.

*ಈ ವಾರ ಮಾಡಬೇಕಾದದ್ದು*

ಒಂದು, ಮನೆಯ ಹಿರಿಯರ ಹತ್ತಿರ ಕೂತು ಮೂರು ತಲೆಮಾರು ಬರೆದಿಡಿ. ಯಾರು, ಯಾವ ವಯಸ್ಸಿಗೆ, ಯಾವುದರಿಂದ ಹೋದರು. ತಂದೆಯ ಕಡೆ, ತಾಯಿಯ ಕಡೆ ಎರಡೂ. ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ಬಿಡಬೇಡಿ. ಹಳೆಯ ಆಸ್ಪತ್ರೆಯ ಚೀಟಿಗಳಿದ್ದರೆ, ತುಣುಕಿನ ಪರೀಕ್ಷೆಯ ವರದಿ ಇದ್ದರೆ, ಸುಡಬೇಡಿ, ಜೋಪಾನವಾಗಿಡಿ.

ಎರಡು, ಮನೆತನದಲ್ಲಿ ಇಬ್ಬರಿಗೆ ಹೊಟ್ಟೆಯ ಕ್ಯಾನ್ಸರ್ ಬಂದಿದ್ದರೆ, ಅಥವಾ ಒಬ್ಬರಿಗೇ ಆದರೂ 50ರ ಒಳಗೆ ಬಂದಿದ್ದರೆ, ಆ ಚೀಟಿ ತೆಗೆದುಕೊಂಡು ತಜ್ಞರನ್ನು ಕಾಣಿ. ಜೀನಿನ ಪರೀಕ್ಷೆ ಬೇಕೋ ಬೇಡವೋ ಅವರು ಹೇಳುತ್ತಾರೆ. ಸಾಧ್ಯವಿದ್ದರೆ ರೋಗ ಬಂದವರಿಗೇ ಮೊದಲು ಮಾಡಿಸುವುದು ಸರಿಯಾದ ಕ್ರಮ. ಹೀಗಾಗಿ ಹಾಸಿಗೆ ಹಿಡಿದಿರುವ ರೋಗಿ ಒಂದು ಚೂರು ರಕ್ತ ಕೊಟ್ಟರೆ ಅದು ತಮ್ಮ ತಂಗಿಯರಿಗೆ, ಮಕ್ಕಳಿಗೆ ಕೊಡುವ ದೊಡ್ಡ ದಾನ.

ಮೂರು, ವಯಸ್ಸು ಎಷ್ಟೇ ಇರಲಿ, ಸ್ವಲ್ಪ ಉಂಡರೂ ಹೊಟ್ಟೆ ತುಂಬಿದಂತಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಪದೇಪದೇ ವಾಂತಿ, ನುಂಗಲು ಕಷ್ಟ, ಕಪ್ಪು ಮಲ, ರಕ್ತ ಕಡಿಮೆಯಾಗಿ ಸುಸ್ತು ಇವು ಇದ್ದರೆ ಗ್ಯಾಸಿನ ಗುಳಿಗೆಯಲ್ಲಿ ಕಾಲ ಕಳೆಯಬೇಡಿ.

ನಾಲ್ಕು, ಯಾರ ಮನೆಯ ವಿಷಯವನ್ನೂ ಈ ಗುಂಪಿನಲ್ಲಿ ಹೆಸರು ಹಾಕಿ ಬರೆಯಬೇಡಿ. ಹೇಳಬೇಕಾದವರಿಗೆ ಹೇಳುವುದು ಧಮ್ಮ. ಬೇರೆಯವರ ಕಾಯಿಲೆಯನ್ನು ಫಾರ್ವರ್ಡ್ ಮಾಡುವುದು ಧಮ್ಮ ಅಲ್ಲ.

ತಂದೆತಾಯಿ ಮಕ್ಕಳಿಗೆ ಹೊಲ ಬಿಟ್ಟು ಹೋಗುತ್ತಾರೆ, ಮನೆ ಬಿಟ್ಟು ಹೋಗುತ್ತಾರೆ. ನಮ್ಮಲ್ಲಿ ಎಷ್ಟೋ ಜನರಿಗೆ ಬಿಟ್ಟು ಹೋಗಲು ಎರಡೂ ಇಲ್ಲ. ಆದರೆ ತಮ್ಮ ಮನೆತನದ ದೇಹದ ಬಗ್ಗೆ ತಿಳಿದ ಸತ್ಯವನ್ನು ಬಿಟ್ಟು ಹೋಗುವುದು ಎಲ್ಲರಿಂದಲೂ ಆಗುತ್ತದೆ. ಅದನ್ನು ಇವತ್ತೇ ಕೊಡೋಣ, ಮಕ್ಕಳು ಕೇಳುವ ಸ್ಥಿತಿಯಲ್ಲಿ ಇರುವಾಗಲೇ.

ಭವತು ಸಬ್ಬ ಮಂಗಲಂ.
ಸಾಧು, ಸಾಧು, ಸಾಧು.
ಜೈ ಭೀಮ್.